ಆರನೆಯ ಊರಿನ ನೀಲಿ ಬೋಗುಣಿ

ಇಂಗ್ಲಿಷರ ದೇಶದಲ್ಲಿ, ಬಿಸಿಲು ಹೇಳಿ ಕಳಿಸಿದರೆ ಮಾತ್ರ ಬರುವ ಒಂದು ಕಣಿವೆಯಲ್ಲಿ, ಏಳು ಊರುಗಳಿದ್ದವು. ಏಳೂ ಚಂದ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಹುಲ್ಲಿನ ದಪ್ಪ ಮಾಡುಗಳು, ಬಾಗಿಲ ಮೇಲೆ ಹಬ್ಬಿದ ಗುಲಾಬಿ, ಮೊಣಕಾಲು ಮುಳುಗದಷ್ಟು ನೀರಿನ ಹೊಳೆ, ಹೊಳೆಯಲ್ಲಿ ಬಾತುಕೋಳಿ, ಹೊಳೆಯ ಮೇಲೆ ಕಮಾನಿನ ಸೇತುವೆ, ಎಲ್ಲದರ ಹಿಂದೆ ಇಗರ್ಜಿಯ ಗೋಪುರ. ಒಂದು ಊರು ನೋಡಿದರೆ ಮಿಕ್ಕ ಆರನ್ನು ಕಣ್ಣು ಮುಚ್ಚಿಕೊಂಡು ಹೇಳಬಹುದು. ಆದರೂ ಬಂದವರು ಏಳನ್ನೂ ನೋಡುತ್ತಿದ್ದರು. ಆರಕ್ಕೇ ಬಿಟ್ಟು ಹೋದರೆ ಮನೆಗೆ ಮರಳಿದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಏಳನೆಯದು ನೋಡಲಿಲ್ಲವಾ? ಅಯ್ಯೋ, ಅದೇ ಅಲ್ಲವಾ ಎಲ್ಲಕ್ಕಿಂತ ಚಂದ!"

ಪ್ರತಿ ಊರಿನ ಬಾಯಲ್ಲೂ ಒಂದು ಕಲ್ಲು ನಿಂತಿತ್ತು. ಕಲ್ಲಿನ ಮೇಲೆ ಮೂರು ಸಾಲು.

ನೋಡಬಹುದು.
ಇಲ್ಲಿಂದ ಏನೂ ಹೋಗಕೂಡದು.
ಇಲ್ಲಿಗೆ ಏನೂ ಬರಕೂಡದು.

ಆ ಮೂರು ಸಾಲೇ ಅಲ್ಲಿಯ ಧರ್ಮ. ಗೋಪುರದ ಕೆಳಗಿನ ಕೋಣೆಯಲ್ಲಿ ಊರಿನ ಪಟ್ಟಿ ಇರುತ್ತಿತ್ತು. ಎಷ್ಟು ಮನೆ, ಎಷ್ಟು ಕಿಟಕಿ, ಯಾವ ಬಾಗಿಲಿಗೆ ಎಷ್ಟು ಗುಲಾಬಿ, ಹೊಳೆಯಲ್ಲಿ ಎಷ್ಟು ಬಾತುಕೋಳಿ, ಯಾವ ಕಿಟಕಿಯ ಹಿಂದೆ ಯಾರು. ಗುಲಾಬಿ ಬಾಡುವುದಿಲ್ಲವೇ ಎಂದು ಕೇಳಬೇಡಿ. ಅಲ್ಲಿ ಬಾಡುವುದಕ್ಕೂ ಅಪ್ಪಣೆ ಬೇಕು. ಸಂಜೆಯ ಗಂಟೆ ಬಾರಿಸಿದ ಮೇಲೆ ಪಟ್ಟಿಯವನು ಮನೆಯಿಂದ ಮನೆಗೆ ಬರುತ್ತಿದ್ದ. ಬರೆದದ್ದೂ ಇದ್ದದ್ದೂ ಒಂದೇ ಆದರೆ ತಲೆಯಾಡಿಸಿ ಮುಂದಿನ ಮನೆಗೆ ಹೋಗುತ್ತಿದ್ದ. ಒಂದು ಹೆಚ್ಚಿದ್ದರೆ, ಒಂದು ಕಡಿಮೆಯಿದ್ದರೆ, ಆ ಮನೆಯವರು ಉಟ್ಟ ಬಟ್ಟೆಯಲ್ಲೇ ಹೊರಡಬೇಕು. ಬೆಳಗಾಗುವುದರೊಳಗೆ ಅದೇ ಕಿಟಕಿಯ ಹಿಂದೆ ಇನ್ನೊಬ್ಬರು ಕೂತಿರುತ್ತಾರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆ ದಿನ ಬಂದ ಬಸ್ಸಿನಲ್ಲಿ ಒಬ್ಬಳು ಹಿರಿಸೊಸೆ ಇದ್ದಳು. ಅವಳಿಗೂ ಒಂದು ಹೆಸರಿದ್ದಿರಬೇಕು. ಇಪ್ಪತ್ತೈದು ವರ್ಷದಿಂದ ಯಾರೂ ಅದನ್ನು ಕೂಗಿರಲಿಲ್ಲ. ಅವಳ ಜೊತೆಗೆ ಅವಳ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರೂ ಮನೆಯವರನ್ನು ಒಂಬತ್ತು ದಿನದ ಮಟ್ಟಿಗೆ ಬಿಟ್ಟು ಲೋಕ ನೋಡಲು ಬಂದಿದ್ದರು. ಹೊರಡುವ ಹಿಂದಿನ ದಿನ ಹಿರಿಸೊಸೆ ಒಂಬತ್ತು ಡಬ್ಬಿ ಸಾರು ಮಾಡಿ, ಒಂಬತ್ತಕ್ಕೂ ಚೀಟಿ ಅಂಟಿಸಿಟ್ಟಿದ್ದಳು. ಆ ಸುಸ್ತು ಇನ್ನೂ ಇಳಿದಿರಲಿಲ್ಲ. ಅದರ ಮೇಲೆ ಈ ಚಂದದ ಸುಸ್ತು.

ಚಂದ ನೋಡುವುದಕ್ಕೂ ಒಂದು ಕ್ರಮವಿತ್ತು. ಬಸ್ಸು ನಿಲ್ಲುವುದು. ಕೋಲಿನವನು ಮೊದಲು ಇಳಿಯುವುದು. ಅವನು ತುದಿಗೆ ಹಳದಿ ಪಟ್ಟಿ ಕಟ್ಟಿದ ಕೋಲನ್ನು ಮೇಲೆತ್ತುವುದು. ಎಲ್ಲರೂ ಇಳಿದು ಕೋಲಿನ ಸುತ್ತ ಕೂಡುವುದು. ಅವನು "ನೋಡಿ" ಅನ್ನುವುದು. ಎಲ್ಲರೂ "ಆಹಾ" ಅನ್ನುವುದು. ಸೇತುವೆಯವರೆಗೆ ನಡೆದು, ತಿರುಗಿ, ಮತ್ತೆ ಬಸ್ಸು. ಮೊದಲನೆಯ ಊರಲ್ಲಿ ಹಿರಿಸೊಸೆ ಮನಸಾರೆ ಆಹಾ ಅಂದಳು. ಎರಡನೆಯದರಲ್ಲೂ ಅಂದಳು. ಮೂರನೆಯದರಲ್ಲಿ ಓರಗಿತ್ತಿ ಅಂದದ್ದು ಕೇಳಿಸಿ ಅಂದಳು. ನಾಲ್ಕು, ಐದರಲ್ಲಿ ಬಾಯಿ ಮಾತ್ರ ಆಡಿಸಿದಳು, ಹಿಂದಿನ ಸಾಲಿನವರು ಮಂಗಳಾರತಿಯ ಹಾಡಿಗೆ ಆಡಿಸುವ ಹಾಗೆ. ಆರನೆಯ ಊರಲ್ಲಿ ಅವಳ ಗಂಟಲು ಒಣಗಿ ಬಾಯಿಯೂ ಆಡಲಿಲ್ಲ.

ಕೋಲು ಗೋಪುರದ ಕಡೆಗೆ ಹೊರಟಿತು. ಅವಳು ಹಿಂದೆ ಉಳಿದಳು. ಹೀಗೆ ಉಳಿದವಳ ಕಾಲು ಅವಳನ್ನು ಸೇತುವೆ ದಾಟಿಸಿ ಊರಿನ ಕೊನೆಯ ಮನೆಯ ಮುಂದೆ ನಿಲ್ಲಿಸಿತು.

ಮನೆಯ ಕಿಟಕಿ ತೆರೆದಿತ್ತು. ಕಿಟಕಿಯ ಕಟ್ಟೆಯ ಮೇಲೆ ಒಂದು ನೀಲಿ ಬೋಗುಣಿ. ಕಿಟಕಿಯ ಹಿಂದೆ ಕುರ್ಚಿಯಲ್ಲಿ ಮನೆಯಾಕೆ, ಕೈ ಮಡಿಲಲ್ಲಿಟ್ಟು, ಹೊಳೆಯ ಕಡೆಗೆ ಮುಖ ಮಾಡಿ ಕೂತಿದ್ದಳು. ನರೆತ ಕೂದಲು. ಹಿರಿಸೊಸೆ ಕಟ್ಟೆಗೆ ಕೈ ಊರಿದಳು.

"ತಾಯಿ, ಒಂದು ಲೋಟ ನೀರು ಕೊಡ್ತೀರಾ?"

ಮನೆಯಾಕೆ ಬೆಚ್ಚಿದಳು. ಗೋಡೆಗೆ ತೂಗುಹಾಕಿದ ಪಟದೊಳಗಿನವರನ್ನು ಯಾರಾದರೂ ನೀರು ಕೇಳಿದರೆ ಹೀಗೇ ಬೆಚ್ಚಿಯಾರು.

"ನನ್ನನ್ನಾ ಕೇಳಿದ್ದು?"

"ಇನ್ಯಾರನ್ನ? ಬಾತುಕೋಳೀನಾ?"

ಅವರು ಯಾವ ಭಾಷೆಯಲ್ಲಿ ಮಾತಾಡಿದರು ಅಂತ ಕೇಳುವವರಿರುತ್ತಾರೆ. ದಣಿದವರ ಮಾತು ದಣಿದವರಿಗೆ ತಿಳಿಯುತ್ತದೆ, ಅಷ್ಟು ಸಾಕು.

ಮನೆಯಾಕೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕೈಗೆ ಹತ್ತಿರವಿದ್ದದ್ದು ನೀಲಿ ಬೋಗುಣಿ ಒಂದೇ. ಅದನ್ನೇ ಒಳಗೆ ಒಯ್ದು ನೀರು ತುಂಬಿಸಿ ತಂದಳು. ಹಿರಿಸೊಸೆ ತಲೆ ಹಿಂದಕ್ಕೆ ವಾಲಿಸಿ, ಬೋಗುಣಿ ತುಟಿಗೆ ತಾಗಿಸದೆ, ಎತ್ತಿ ಕುಡಿದಳು. ಅಗಲ ಬಾಯಿಯ ಬೋಗುಣಿ. ಅರ್ಧ ನೀರು ಕತ್ತಿನ ಮೇಲೆ ಇಳಿಯಿತು.

"ನೀರನ್ನ ಹೀಗೂ ಕುಡೀತಾರಾ?" ಮನೆಯಾಕೆ ಕೇಳಿದಳು.

"ಎಂಜಲಾಗಬಾರದು ಅಂತ."

"ಸ್ನಾನವೂ ಆಯ್ತಲ್ಲ." ಹಾಗೆಂದು ಅವಳೇ ನಕ್ಕಳು. ನಕ್ಕದ್ದು ತಾನೇ ಅಂತ ಗೊತ್ತಾಗಿ ಬಾಯಿಗೆ ಕೈ ಅಡ್ಡ ಇಟ್ಟಳು.

ಈಗ ಬರಿದಾದ ಬೋಗುಣಿ ಹಿರಿಸೊಸೆಯ ಕೈಯಲ್ಲಿತ್ತು. ಅವಳ ಇನ್ನೊಂದು ಕೈ, ಯಾರ ಅಪ್ಪಣೆಗೂ ಕಾಯದೆ, ಹೆಗಲ ಚೀಲದೊಳಕ್ಕೆ ಹೋಯಿತು. ಕೊಟ್ಟವರ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗಬಾರದು. ಇದನ್ನು ಅವಳಿಗೆ ಅವಳಮ್ಮ ಹೇಳಿದ್ದಳು, ಅಮ್ಮನಿಗೆ ಅವಳಮ್ಮ. ಪಕ್ಕದ ಮನೆಯ ಪಾಯಸ ಬಂದ ಬಟ್ಟಲಿಗೆ ಒಂದು ಚಮಚ ಸಕ್ಕರೆ. ಸಕ್ಕರೆ ಮುಗಿದಿದ್ದರೆ ನಾಲ್ಕು ಅಕ್ಕಿಕಾಳು. ಅದಕ್ಕೂ ಗತಿಯಿಲ್ಲದಿದ್ದರೆ ಒಂದು ತುಳಸಿ ಎಲೆ. ಮೂವರನ್ನು ಹೆತ್ತಾಗಲೂ, ಜ್ವರ ಬಂದಾಗಲೂ, ಮನೆಯಲ್ಲಿ ಸಾವಾಗಿದ್ದಾಗಲೂ ಅವಳು ಯಾರ ಪಾತ್ರೆಯನ್ನೂ ಬರಿದಾಗಿ ಕೊಟ್ಟವಳಲ್ಲ. ಚೀಲದಿಂದ ಒಂದು ಚೂರು ಬೆಲ್ಲ ಬಂತು. ಅದನ್ನು ಬೋಗುಣಿಯಲ್ಲಿಟ್ಟು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಮನೆಯಾಕೆಯ ಮುಖ ಬಿಳಿಚಿತು.

"ಇದೇನು ಮಾಡಿದಿರಿ! ತೆಗೀರಿ, ತೆಗೀರಿ! ಪಟ್ಟಿಯಲ್ಲಿ ಏನಿದೆ ಗೊತ್ತಾ? 'ನೀಲಿ ಬೋಗುಣಿ, ಕಿಟಕಿಯ ಕಟ್ಟೆಯ ಮೇಲೆ, ಬರಿದು.' ಸಂಜೆ ಪಟ್ಟಿಯವನು ಬರ್ತಾನೆ."

"ಒಂದು ಚೂರು ಬೆಲ್ಲಕ್ಕೆ ಏನು ಮಾಡ್ತಾನೆ?"

"ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವಳು ಒಂದು ಅಂಗಿಗುಂಡಿಯಿಂದ ಮನೆ ಕಳ್ಕೊಂಡಳು. ನೋಡೋಕೆ ಬಂದವರ ಯಾರದೋ ಅಂಗಿಯಿಂದ ಉದುರಿದ ಗುಂಡಿ. ಅವಳ ಮೆಟ್ಟಿಲ ಮೇಲೆ ಬಿದ್ದಿತ್ತು, ಅವಳು ನೋಡಿರಲಿಲ್ಲ. ಆ ದಾರಿಯಲ್ಲಿ ಬರಿಗೈಯಲ್ಲಿ ನಡ್ಕೊಂಡು ಹೋದಳಂತೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ."

ಹಿರಿಸೊಸೆ ಬೋಗುಣಿ ನೋಡಿದಳು. ಬೆಲ್ಲವನ್ನು ವಾಪಸು ಚೀಲಕ್ಕೆ ಹಾಕಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೈ ಬರಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವುದೆಂದರೆ!

"ಹಾಗಿದ್ರೆ ತಿಂದುಬಿಡಿ," ಅಂದಳು. "ಹೊಟ್ಟೆ ಒಳಗಿರೋದನ್ನ ಯಾವ ಪಟ್ಟಿಯವನು ಎಣಿಸ್ತಾನೆ?"

ಮನೆಯಾಕೆ ಗೋಪುರದ ಕಡೆ ನೋಡಿ, ಬೆಲ್ಲವನ್ನು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ. ತೆರೆದಾಗ ಅವಳಿಗೆ ಏನೋ ನೆನಪಾದಂತಿತ್ತು. ಬೋಗುಣಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಬೇಲಿಯ ಮುಳ್ಳುಗಿಡದ ಕಪ್ಪು ಹಣ್ಣು ಒಂದು ಹಿಡಿ ತಂದು ಕಿಟಕಿಯಾಚೆ ಚಾಚಿದಳು.

"ಇವೂ ಪಟ್ಟಿಯಲ್ಲಿಲ್ಲವಾ?"

"ಇವೆ. ಬೇಗ ತಿನ್ನಿ."

ಹಿರಿಸೊಸೆ ತಿಂದಳು. ಹುಳಿ, ಸಿಹಿ, ನಾಲಿಗೆಯೆಲ್ಲ ನೇರಳೆ. ತಿಂದ ಮೇಲೆ ನೋಡಿದರೆ ಮತ್ತೆ ಬರಿದಾದ ಬೋಗುಣಿ, ಮತ್ತೆ ಅವಳದೇ ಕೈಯಲ್ಲಿ. ಅವಳು ನಿಟ್ಟುಸಿರಿಟ್ಟು ಚೀಲಕ್ಕೆ ಕೈ ಹಾಕಿದಳು. ಎರಡು ಕೋಡುಬಳೆ ಬಂದವು.

ಕೋಡುಬಳೆ ಒಳಗೆ ಹೋಯಿತು, ಸೇಬು ಹೊರಗೆ ಬಂತು. ಒಬ್ಬಳಿಗೆ ಬೋಗುಣಿ ಬರಿದಾಗಿ ಕೊಡುವಂತಿಲ್ಲ, ಒಬ್ಬಳಿಗೆ ತುಂಬಿದ್ದನ್ನು ಇಟ್ಟುಕೊಳ್ಳುವಂತಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನೀಲಿ ಬೋಗುಣಿ ಆ ಕಡೆ ಈ ಕಡೆ ಓಡಾಡಿತು. ಅದು ಓಡಾಡುವಾಗ ಮಾತೂ ಓಡಾಡಿತು.

"ದಿನವೂ ಹೀಗೇ ಕೂತಿರ್ತೀರಾ?"

"ಪಟ್ಟಿಯಲ್ಲಿ ಹಾಗಿದೆ. 'ಕಿಟಕಿಯಲ್ಲಿ ಹೆಂಗಸು, ಒಬ್ಬಳು, ಸುಮ್ಮನೆ.' ಎಲ್ಲರೂ ಬರ್ತಾರೆ, ಆಹಾ ಅಂತಾರೆ, ಹೋಗ್ತಾರೆ."

"ಬೆನ್ನು ನೋಯಲ್ಲವಾ?"

"ಚಂದಕ್ಕೆ ಬೆನ್ನು ಇರಲ್ಲವಲ್ಲ, ನೋಯೋಕೆ." ಮನೆಯಾಕೆ ಕೋಡುಬಳೆಯನ್ನು ಮುರಿದಳು. "ನೋಡೋದು ಸುಸ್ತಲ್ಲವಾ?"

"ಸುಸ್ತು ಅಂದ್ರೆ! ಮನೆಯಲ್ಲಾದ್ರೆ ಪಾತ್ರೆ ತೊಳೆದ ಮೇಲೆ ಮುಗೀತು ಅಂತ ಇರುತ್ತೆ. ಇದು ಮುಗಿಯೋದೇ ಇಲ್ಲ. ಇನ್ನೂ ಒಂದು ಊರಿದೆ." ಆಮೇಲೆ ಅವಳು, ಎಲ್ಲರನ್ನೂ ಕೇಳುವ ಹಾಗೆ, ಅಭ್ಯಾಸಬಲದಿಂದ ಕೇಳಿದಳು: "ಊಟ ಆಯ್ತಾ?"

ಮನೆಯಾಕೆ ಅಗಿಯುವುದನ್ನು ನಿಲ್ಲಿಸಿದಳು. ಅಷ್ಟು ವರ್ಷ, ಅಷ್ಟು ಬಸ್ಸು, ಅಷ್ಟು ಕಣ್ಣು. ಯಾರೂ ಇದನ್ನು ಕೇಳಿರಲಿಲ್ಲ. ಅವಳು ಬಾಗಿಲ ಮೇಲಿನ ಬಳ್ಳಿಗೆ ಕಿಟಕಿಯಿಂದಲೇ ಕೈ ಚಾಚಿ ಒಂದು ಗುಲಾಬಿ ಮುರಿದು, ಬೋಗುಣಿಯಲ್ಲಿಟ್ಟು ಕೊಟ್ಟಳು. ಹಿರಿಸೊಸೆ ಅದನ್ನು ತೆಗೆದುಕೊಂಡು, ಯೋಚನೆಯೇ ಮಾಡದೆ, ಜಡೆಗೆ ಮುಡಿದಳು.

ಬಸ್ಸಿನ ಹಾರನ್ ಕೇಳಿಸಿತು. ಅದರ ಬೆನ್ನಿಗೇ ಓರಗಿತ್ತಿ ಸೇತುವೆ ದಾಟಿ ಏದುಸಿರು ಬಿಡುತ್ತ ಬಂದಳು.

"ಅಕ್ಕಾ! ಎಲ್ಲೆಲ್ಲಿ ಹುಡುಕೋದು ನಿನ್ನ? ಇಲ್ಲೂ ಅಕ್ಕಪಕ್ಕದ ಮನೆ ಮಾಡ್ಕೊಂಡ್ಯಾ? ನಿನ್ನ ಸ್ವರ್ಗಕ್ಕೆ ಕರ್ಕೊಂಡು ಹೋದ್ರೂ ರಂಭೆ ಮನೆಗೆ ಹೆಪ್ಪು ಕೇಳೋಕೆ ಹೋಗ್ತೀಯ."

"ತಡಿಯೇ. ಬೋಗುಣಿ ಬರಿದಾಗಿದೆ."

"ಆದ್ರೆ ಏನೀಗ? ಕೊಟ್ಟು ಬಾ!"

ಕೊಟ್ಟು ಬಾ. ಎಷ್ಟು ಸುಲಭ. ಹಿರಿಸೊಸೆ ಚೀಲವನ್ನು ಕೆದಕಿದಳು. ತಳದಲ್ಲಿ ಚಟ್ನಿಪುಡಿಯ ಪೊಟ್ಟಣದಲ್ಲಿ ಒಂದು ಚಿಟಿಕೆ ಉಳಿದಿತ್ತು. ಅದನ್ನೇ ಕೊಡವಿದಳು. ಮನೆಯಾಕೆ ಈಗ ಕೇಳಲೂ ಇಲ್ಲ. ಬೆರಳಿಗೆ ಅಂಟಿಸಿಕೊಂಡು ನಾಲಿಗೆಗಿಟ್ಟಳು. ಮುಖ ಕೆಂಪಾಯಿತು, ಮೂಗು ಕೆಂಪಾಯಿತು, ಕಣ್ಣಲ್ಲಿ ಧಾರಾಕಾರ ನೀರು. ಓರಗಿತ್ತಿ "ಅಯ್ಯೋ ನೀರು ಕುಡೀರಿ!" ಅಂತ ಕೂಗಿದಳು. ಮನೆಯಾಕೆ ಒಳಗೆ ಓಡಿ ನೀರು ಕುಡಿದು ಬಂದಳು, ಅಳುತ್ತಲೇ ನಕ್ಕಳು, ನಗುತ್ತಲೇ ಬೋಗುಣಿಯಲ್ಲಿ ಇನ್ನೊಂದು ಸೇಬು ಇಟ್ಟುಕೊಟ್ಟಳು. ಅದು ಓರಗಿತ್ತಿಯ ಪಾಲಾಯಿತು. ಬೋಗುಣಿ ಹಿರಿಸೊಸೆಯ ಕೈಯಲ್ಲೇ ಉಳಿಯಿತು.

ಅಷ್ಟರಲ್ಲಿ ಗೋಪುರದ ಗಂಟೆ ಬಾರಿಸಿತು.

ಹಿರಿಸೊಸೆ ಚೀಲವನ್ನು ತಲೆಕೆಳಗು ಮಾಡಿದಳು. ಒಳಹೊರಗು ಮಾಡಿ ಕೊಡವಿದಳು. ಒಂದು ಎಳ್ಳುಕಾಳೂ ಬೀಳಲಿಲ್ಲ. ಎಲ್ಲಿಂದಾದರೂ ಏನಾದರೂ ಹೊಂದಿಸುವವಳು ಅವಳು. ಇದ್ದಕ್ಕಿದ್ದ ಹಾಗೆ ಹತ್ತು ಜನ ಬಂದರೆ ಸಾರಿಗೆ ನೀರು ಬೆರೆಸಿ, ನೀರಿಗೆ ರುಚಿ ಬೆರೆಸಿ ಬಡಿಸಿದವಳು. ಮನೆಯಲ್ಲಿ ಯಾರೇ ಏನೇ ಕೇಳಿದರೂ 'ಇದೆ, ಇರಿ' ಅಂದವಳು. ಮೊದಲ ಮನೆಯ ಮುಂದೆ ಪಟ್ಟಿಯವನು ಕಾಣಿಸಿಕೊಂಡ. ಅವನು ತಲೆಯಾಡಿಸಿ ಎರಡನೆಯದಕ್ಕೆ ಬಂದ. ಮೂರನೆಯದಕ್ಕೆ ಬಂದ.

"ಕೊಡಿ," ಮನೆಯಾಕೆ ಕೈ ಚಾಚಿದಳು. "ಏನಾದ್ರೂ ಹಾಕಿ ಕೊಡಿ."

"ಬರಿದಾಗೇ ಇರಬೇಕು ಅಂದಿರಿ!"

"ಅಂದೆ. ಈಗ ಬರಿದಾಗಿ ಇಸ್ಕೊಳ್ಳೋಕೆ ಕೈ ಬರ್ತಿಲ್ಲ."

ಹಿರಿಸೊಸೆ ಅವಳ ಮುಖ ನೋಡಿದಳು, ಪಟ್ಟಿಯವನನ್ನು ನೋಡಿದಳು. ಸುತ್ತ ಕಣ್ಣಾಡಿಸಿದರೆ ಒಂದು ಎಲೆ ಸಿಗುತ್ತಿತ್ತು, ಒಂದು ಕಲ್ಲಾದರೂ ಸಿಗುತ್ತಿತ್ತು. ಅವಳು ಕಣ್ಣಾಡಿಸಲಿಲ್ಲ.

"ನನ್ನ ಹತ್ತಿರ ಏನೂ ಇಲ್ಲ, ತಾಯಿ," ಅಂದಳು. ಮತ್ತೆ ಹೇಳಿದಳು. "ಏನೂ ಇಲ್ಲ."

ಹೇಳಿದ ಮೇಲೆ ಕಿವಿಗೊಟ್ಟಳು. ಆಕಾಶ ಬೀಳಲಿಲ್ಲ. ಅಮ್ಮ ಎದ್ದು ಬರಲಿಲ್ಲ. ಬಾತುಕೋಳಿಗಳು ತಮ್ಮ ಪಾಡಿಗೆ ತಾವು ಈಜುತ್ತಿದ್ದವು. ಅವಳು ಬರಿದಾದ ಬೋಗುಣಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ತೆಗೆದಳು. ಹೆಗಲು ಒಂದಿಷ್ಟು ಹಗುರಾದ ಹಾಗಾಯಿತು. ಚೀಲ ಬರಿದಾದದ್ದಕ್ಕೂ ಇರಬಹುದು.

ಪಟ್ಟಿಯವನು ಬಂದು ನಿಂತ. ಮುದುಕ. ಎದೆಯ ಮೇಲೆ ಪಟ್ಟಿಯ ಭಾರದ ಪುಸ್ತಕ, ಕಾಲಲ್ಲಿ ಸವೆದ ಬೂಟು. ಎಂದಿನ ರಾಗದಲ್ಲಿ ಓದಿದ.

"ಬಾಗಿಲು ಒಂದು, ಹಸಿರು. ಸರಿ. ಮೆಟ್ಟಿಲು ಮೂರು. ಸರಿ. ನೀಲಿ ಬೋಗುಣಿ, ಬರಿದು." ಬೆರಳಿನಿಂದ ಒಳಗೆ ಸವರಿ ನೋಡಿದ. "ಸರಿ. ಗುಲಾಬಿ ಮೂವತ್ತು." ಅವನ ರಾಗ ನಿಂತಿತು. ಎಣಿಸಿದ. ಆಮೇಲೆ ಹಿರಿಸೊಸೆಯ ಜಡೆ ನೋಡಿದ. "ಅದು ನಮ್ಮದು."

ಹಿರಿಸೊಸೆಯ ಕೈ ಜಡೆಗೆ ಹೋಯಿತು. ಪಟ್ಟಿಯವನು ಕಿಟಕಿಯೊಳಕ್ಕೆ ಬಗ್ಗಿದ. "ಕಿಟಕಿಯಲ್ಲಿ ಹೆಂಗಸು, ಒಬ್ಬಳು, ಸುಮ್ಮನೆ." ಒಳಗೆ ಕೆಂಪು ಮೂಗು, ಒದ್ದೆ ಕೆನ್ನೆ, ನೇರಳೆ ಬೆರಳು, ತುಟಿಯ ಮೇಲೆ ಚಟ್ನಿಪುಡಿ. ಅವನು ಬಹಳ ಹೊತ್ತು ನೋಡಿದ.

"ತಪ್ಪು ನಂದು," ಹಿರಿಸೊಸೆ ಅಂದಳು. "ನೀರು ಕೇಳಿದ್ದು ನಾನು. ಅವರನ್ನ ಏನೂ ಮಾಡಬೇಡಿ."

ಪಟ್ಟಿಯವನು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಕತ್ತು ನೀವಿಕೊಂಡ. "ನನಗೂ ಇವತ್ತು ನಿಲ್ಲೋಕಾಗ್ತಿಲ್ಲಮ್ಮ," ಎಂದು ದನಿ ತಗ್ಗಿಸಿದ. "ಹೂವನ್ನ ಬಳ್ಳಿಗೆ ಸಿಕ್ಕಿಸಿ." ಮನೆಯಾಕೆಯ ಕಡೆ ತಿರುಗಿದ. "ನೀನು ಮುಖ ತೊಳ್ಕೊಂಡು ಬಾ. ನಾನು ಬೆನ್ನು ತಿರುಗಿಸಿ ಹೊಳೆ ನೋಡ್ತಾ ನಿಂತಿರ್ತೀನಿ. ಹಣ್ಣು ಹಕ್ಕಿ ತಿಂತು ಅಂತ ಬರ್ಕೊಳ್ಳೋಣ. ನಾಳೆಯಿಂದ ಮತ್ತೆ ಸುಮ್ಮನೆ ಕೂತ್ಕೋ, ಅಷ್ಟೆ."

ಹಿರಿಸೊಸೆ ಗುಲಾಬಿಯನ್ನು ಬಿಚ್ಚತೊಡಗಿದಳು. ಸದ್ಯ, ಮನೆ ಉಳಿಯಿತು.

"ಬೇಡ," ಮನೆಯಾಕೆ ಅಂದಳು. "ಮುಡಿದದ್ದನ್ನ ತೆಗೀಬೇಡಿ."

ಅವಳು ಎದ್ದು ನಿಂತಳು. ಕಾಲಿಗೆ ಜೋಮು ಹಿಡಿದಿತ್ತೋ ಏನೋ, ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಕೂತು ಕೂತು ಸುಸ್ತಾಗಿದೆ, ಅಣ್ಣ."

"ಹುಚ್ಚು ಹಿಡೀತಾ? ಮನೆ ಹೋಗುತ್ತೆ ನಿಂದು."

"ಮನೆ ನಂದಾಗಿದ್ರೆ," ಮನೆಯಾಕೆ ಹಿರಿಸೊಸೆಯ ಕಡೆ ತಿರುಗಿದಳು, "ಇಷ್ಟು ಹೊತ್ತು ಇವರನ್ನ ಕಿಟಕಿಯಾಚೆ ನಿಲ್ಲಿಸಿ ಮಾತಾಡಿಸ್ತಿದ್ದೆನಾ? ಒಳಗೆ ಬನ್ನಿ ಅನ್ನೋಕೆ ಎಷ್ಟು ಸಲ ಬಾಯಿ ತೆರೆದೆ. ಅನ್ನೋಕಾಗಲಿಲ್ಲ."

ಹಸಿರು ಬಾಗಿಲು ಕಿರುಗುಟ್ಟಿತು. ಮನೆಯಾಕೆ ಉಟ್ಟ ಬಟ್ಟೆಯಲ್ಲಿ, ಬರಿಗೈಯಲ್ಲಿ, ಮೂರು ಮೆಟ್ಟಿಲು ಇಳಿದಳು. ಕೆಳಗೆ ನಿಂತು ದಾರಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು.

"ಎಲ್ಲಿಗೆ ಹೋಗ್ತೀಯ?" ಪಟ್ಟಿಯವನು ಕೇಳಿದ.

"ಬಸ್ಸಿದೆ," ಅಂದಳು ಹಿರಿಸೊಸೆ.

ಪಟ್ಟಿಯವನು ಪುಸ್ತಕ ನೋಡಿದ, ಬರಿ ಕುರ್ಚಿ ನೋಡಿದ. ಆಮೇಲೆ ಹಿರಿಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕಿಟಕಿಯಲ್ಲಿ ಹೆಂಗಸು ಒಬ್ಬಳು ಬೇಕಲ್ಲ," ಅಂದ. "ಕೂತಿರೋದಷ್ಟೇ ಕೆಲಸ. ಅಡಿಗೆ ಇಲ್ಲ. ಕೂಗೋರಿಲ್ಲ. ಯಾರೂ ಏನೂ ಕೇಳಲ್ಲ."

ಸುಳ್ಳು ಯಾಕೆ, ಹಿರಿಸೊಸೆಯ ಕಣ್ಣು ಕುರ್ಚಿಯ ಮೇಲೆ ನೆಟ್ಟಿತು. ಇನ್ನೂ ಬೆಚ್ಚಗಿದ್ದ ಕುರ್ಚಿ. ಅವಳ ಹಿಮ್ಮಡಿಗಳು ಅಲ್ಲಿಗೇ ಎಳೆದವು. ಓರಗಿತ್ತಿ ಏನೋ ಹೇಳಲು ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಮುಚ್ಚಿಕೊಂಡಳು.

"ಬೇಡಪ್ಪ," ಅಂದಳು ಹಿರಿಸೊಸೆ ಕೊನೆಗೆ. "ಚಂದ ಕಾಣಿಸೋಷ್ಟು ಶಕ್ತಿ ನನಗಿಲ್ಲ."

ಮೂವರು ಹೆಂಗಸರು ಸೇತುವೆ ದಾಟಿದರು. ನಡುವಿನವಳಿಗೆ ನಡಿಗೆಯ ಅಭ್ಯಾಸ ತಪ್ಪಿತ್ತು. ಇಬ್ಬರೂ ಒಂದೊಂದು ತೋಳು ಹಿಡಿದುಕೊಂಡಿದ್ದರು. ಸೇತುವೆಯ ಮೇಲಿಂದ ಹಿರಿಸೊಸೆ ಒಮ್ಮೆ ತಿರುಗಿದಳು. ಪಟ್ಟಿಯವನು ಇನ್ನೂ ಕಿಟಕಿಯ ಮುಂದೆ ನಿಂತಿದ್ದ. ನೋಡುನೋಡುತ್ತಿದ್ದಂತೆ ಅವನು ಹಸಿರು ಬಾಗಿಲಿನಿಂದ ಒಳಗೆ ಹೋದ, ಬೂಟು ಬಿಚ್ಚಿದ, ಕುರ್ಚಿಯಲ್ಲಿ ಕೂತ. ಪುಸ್ತಕ ಕಟ್ಟೆಯ ಮೇಲೇ ಇತ್ತು. ಅವನು ಅದರ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಕೋಲಿನವನು ಕೋಲಿನ ತುದಿಯಿಂದ ತಲೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಒಂದು ಹೆಚ್ಚಿದೆ," ಅಂದ.

"ಹೆಚ್ಚಿದ್ರೆ ಸ್ವಲ್ಪ ಸರಿದು ಕೂತ್ಕೊಳ್ಳೋದಪ್ಪ," ಅಂದಳು ಓರಗಿತ್ತಿ. "ಕಡಿಮೆ ಇದ್ರೆ ಹುಡುಕಬೇಕು. ಹೆಚ್ಚಿದ್ರೆ ಏನು ಕಷ್ಟ? ನಡೀರಿ, ನಡೀರಿ."

ಬಸ್ಸು ಹೊರಟಿತು. ಇಬ್ಬರು ಕೂರುವ ಸೀಟಿನಲ್ಲಿ ಮೂವರು ಕೂತರು. ಬೇಲಿಗಳು, ಕುರಿಗಳು, ಮತ್ತೆ ಬೇಲಿಗಳು. ಎರಡನೆಯ ತಿರುವು ಕಳೆಯುವುದರೊಳಗೆ ಮನೆಯಾಕೆಯ ತಲೆ ಹಿರಿಸೊಸೆಯ ಹೆಗಲಿಗೆ ಬಿತ್ತು, ಹಿರಿಸೊಸೆಯ ತಲೆ ಅವಳ ತಲೆಯ ಮೇಲೆ. ಇಬ್ಬರ ಬಾಯಿಯೂ ತೆರೆದಿತ್ತು. ಒಬ್ಬಳು ಸಣ್ಣಗೆ, ಒಬ್ಬಳು ಗಟ್ಟಿಯಾಗಿ, ಗೊರಕೆ.

ಏಳನೆಯ ಊರು ಬಂತು. ಎಲ್ಲಕ್ಕಿಂತ ಚಂದದ ಊರು ಅಂತಾರಲ್ಲ, ಅದು. ಎಲ್ಲರೂ ಇಳಿದರು. ಇಳಿದವರಲ್ಲಿ ಒಬ್ಬಾತ ಹಿಂದಿರುಗಿ ನೋಡಿ, ಬಸ್ಸಿನ ಗಾಜಿನ ಹಿಂದೆ ಒಂದಕ್ಕೊಂದು ಆತುಕೊಂಡ ಎರಡು ತಲೆಗಳನ್ನು ಕಂಡು, ಪಕ್ಕದವಳ ಭುಜ ತಟ್ಟಿದ. "ಎಷ್ಟು ಚಂದ ಮಲಗಿದ್ದಾರೆ ನೋಡು!" ಅಂದ. ನಾಲ್ಕು ಜನ ಸೇರಿದರು. ಯಾರೋ ಕ್ಯಾಮೆರಾ ಎತ್ತಿದರು.

ಓರಗಿತ್ತಿ ಸೀಟಿನಿಂದ ಎದ್ದು, ಮಲಗಿದವರಿಗೆ ತಾಗದ ಹಾಗೆ ಬಗ್ಗಿ, ಕಿಟಕಿಯ ಪರದೆ ಎಳೆದಳು.